ಗಿರಣಿಗೆ ಒಬ್ಬನೇ

ಗ್ರಾಮ ಪಂಚಾಯಿತಿಯಲ್ಲಿ ನಾನು ವಿ.ಆರ್.ಡಬ್ಲ್ಯು., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನದ ಅರ್ಜಿ, ಮನೆ ಭೇಟಿ ನನ್ನ ಕೆಲಸ. ಒಂದು ಮನೆಯಲ್ಲಿ 24 ವರ್ಷದ ಹುಡುಗ ಕೇಳಿದ: “ಅಕ್ಕಾರ, ಜ್ವಾಳ ಬೀಸಿಸ್ಕೊಂಡು ನಾ ಒಬ್ಬನ ಬರ್ತೀನ್ರಿ.”

ಅವನ ತಾಯಿಗಿಂತ ಮೊದಲು “ಬ್ಯಾಡಪಾ” ಅಂದವಳು ನಾನು.

ಅವನಿಗೆ ಬೌದ್ಧಿಕ ಅಂಗವೈಕಲ್ಯ, ಜೊತೆಗೆ ಫಿಟ್ಸ್. ಗಿರಣಿ ಎರಡು ಓಣಿ ಆಚೆ. ನಡುವೆ ಕಟ್ಟೆಯಿಲ್ಲದ ಬಾವಿ. ನನ್ನ ಮಾತು ಕೇಳಿ ಅವನು ಡಬ್ಬಿಯ ಮುಚ್ಚಳ ಹಾಕಿ, ಎರಡು ಸಲ ಅದುಮಿ, ಗೋಡೆಗೆ ಮುಖ ಮಾಡಿ ಕೂತ. ಏನಾದರೂ ಆದರೆ ನನ್ನ ತಲೆಗೆ ಬರುತ್ತದೆ ಅನ್ನೋ ಅಂಜಿಕೆಗೆ ನಾನು ಬೇಡ ಅಂದಿದ್ದೆ. ಬಾವಿಗೆ ಕಟ್ಟೆ ಕಟ್ಟದ ತಪ್ಪಿಗೆ ಶಿಕ್ಷೆ ಮಾತ್ರ ಅವನಿಗೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೀಮಿತ ಪಾಲಕತ್ವ ಅಂತ ಇದೆ. ಪಾಲಕರೂ ಆ ವ್ಯಕ್ತಿಯೂ ಪರಸ್ಪರ ನಂಬಿಕೆಯಿಂದ ಕೂಡಿಯೇ ತೀರ್ಮಾನ ಮಾಡಬೇಕು. ತರಬೇತಿಯಲ್ಲಿ ಬರೆದುಕೊಂಡಿದ್ದೆ, ಆ ಮನೆಯಲ್ಲಿ ಮರೆತಿದ್ದೆ.

ಮರುವಾರ ಮೂವರೂ ಆ ದಾರಿ ನಡೆದೆವು. ಬಾವಿ ಬಿಟ್ಟು ಗುಡಿ ಮುಂದಿನ ಸುತ್ತುದಾರಿ ಆರಿಸಿದವನು ಅವನೇ. ಗಿರಣಿಯಲ್ಲಿ ತಿರುಗುವ ಯಂತ್ರದ ಪಟ್ಟಿಯ ಹತ್ತಿರ ಹೋಗದೆ ಹೊರಗಿನ ಕಲ್ಲಿನ ಮೇಲೆ ಕೂಡುತ್ತೇನೆ ಅಂದ. ಗಿರಣಿಯವರಿಗೆ ಹೇಳಿಕೊಟ್ಟೆ: ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನೂ ಹಾಕಬೇಡಿ, ಅದುಮಿ ಹಿಡಿಯಬೇಡಿ, ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡಿ, 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ತಾಯಿಯ ನಂಬರ್ ಬರೆದ ಚೀಟಿಗೆ ದಾರ ಪೋಣಿಸಿ ತಂದಿದ್ದೆ. “ಕೊರಳಾಗ ಬ್ಯಾಡ್ರಿ ಅಕ್ಕಾರ, ನಾ ದನ ಅಲ್ಲ” ಅಂದ. ನನಗೆ ಕಣ್ಣು ತುಂಬಿತು. ದಾರ ಬಿಚ್ಚಿದೆ. ತಾಯಿ ಅದನ್ನು ಅಂಗಿಯ ಜೇಬಿನೊಳಗೆ ಹೊಲಿದರು. ಜೀವ ಉಳಿಸುವುದಕ್ಕೆ ಎರಡೂ ಒಂದೇ, ಅವನಿಗೆ ಒಂದೇ ಅಲ್ಲ.

ಮೂರನೇ ತಿಂಗಳು ಗಿರಣಿ ಮುಂದೆಯೇ ಬಿದ್ದ. ಹಣೆ ತರಚಿತು. ಗಿರಣಿಯವರು ಮಗ್ಗುಲಾಗಿ ಮಲಗಿಸಿದರು, ಎರಡು ನಿಮಿಷಕ್ಕೆ ನಿಂತಿತು. ಹಿಂದಿನ ರಾತ್ರಿಯ ಗುಳಿಗೆ ತಪ್ಪಿತ್ತಂತೆ. “ಇನ್ನ ಸಾಕ್ರಿ ಅಕ್ಕಾರ” ಅಂದರು ತಾಯಿ. ಆ ತಾಯಿಯ ಸಂಕಟ ಸುಳ್ಳಲ್ಲ. ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಅವನನ್ನೇ ಕೇಳಿದೆ. ತುಸು ಹೊತ್ತು ಸುಮ್ಮನಿದ್ದ.

“ಐತವಾರ ಗಿರಣ್ಯಾಗ ಗದ್ದಲ ಭಾಳ. ಸೋಮವಾರ ಹೋಗ್ತೀನ್ರಿ, ಗುಳಿಗಿ ತಗೊಂಡು.”

ತಾಯಿ ಮಾತಾಡಲಿಲ್ಲ. ಸೋಮವಾರ ಡಬ್ಬಿಗೆ ಅರ್ಧ ಜೋಳ ಮಾತ್ರ ಹಾಕಿ, ಭಾರ ಆಗದಂತೆ ಅವನ ಕೈಗೆ ಕೊಟ್ಟರು.