ಬಟವಾಡೆ ದಿನ ಬಂದ ಫೋನು

ಕೊಡಗಿನ ಗೋಣಿಕೊಪ್ಪದಲ್ಲಿ ಒಂದು ಔಷಧಿ ಅಂಗಡಿಯ ಮಹಡಿ ಮೇಲೆ ನಮ್ಮ ಆಫೀಸು. ಮೂರು ಜನ, ನಾಲ್ಕು ಕುರ್ಚಿ, ಒಂದು ಹಳೇ ಯುಪಿಎಸ್. ಇಲ್ಲಿಗೆ ಬರುವ ಮೊದಲು ಏಳು ವರ್ಷ ಬೆಂಗಳೂರಿನ ದೊಡ್ಡ ಕಂಪನಿಯೊಂದರಲ್ಲಿ ಕೋಡ್ ಬರೆಯುತ್ತಿದ್ದೆ. ಅಲ್ಲಿ ಒಂದು ಬಟನ್ ಬಣ್ಣ ಬದಲಾಗಬೇಕಾದರೂ ಟಿಕೆಟ್ (ಕೆಲಸದ ಲಿಖಿತ ಕೋರಿಕೆ) ಬೇಕು, ಇಬ್ಬರು ರಿವ್ಯೂ ಮಾಡಬೇಕು, ಟೆಸ್ಟಿಂಗ್ ತಂಡ ಹೂಂ ಅನ್ನಬೇಕು. ಆಮೇಲೆ ಎರಡು ವಾರಕ್ಕೊಮ್ಮೆ ಬರುವ ರಿಲೀಸಿಗೆ ಕಾಯಬೇಕು. ಕ್ಯಾಂಟೀನಿನಲ್ಲಿ ಕೂತು ಇದನ್ನೆಲ್ಲ ಬೈಯುತ್ತಿದ್ದೆವು. ಆದರೆ ಆ ಬಟನ್ ಯಾರಿಗಾದರೂ ಬೇಕಾ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅದನ್ನು ಬೇರೆ ಯಾರೋ ಬೇರೆ ಮಹಡಿಯಲ್ಲಿ ತೀರ್ಮಾನ ಮಾಡಿರುತ್ತಿದ್ದರು.

ಇಲ್ಲಿ ನಾವು ಮಾಡುತ್ತಿರುವುದು ಸಣ್ಣ ಕಾಫಿ ತೋಟಗಳಿಗೆ ಒಂದು ಆ್ಯಪ್. ಕೊಯ್ಲಿನ ಸಮಯದಲ್ಲಿ ಹಣ್ಣು ಕುಯ್ಯುವವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಸಂಜೆ ಮೂಟೆ ತೂಗಬೇಕು, ಹೆಸರಿನ ಮುಂದೆ ತೂಕ ಬರೆಯಬೇಕು, ವಾರಕ್ಕೊಮ್ಮೆ ಅಡ್ವಾನ್ಸ್ ಕಳೆದು ಬಟವಾಡೆ ಮಾಡಬೇಕು. ತೋಟದ ರೈಟರ್ ಇದನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಾರೆ. ಆ ಪುಸ್ತಕವನ್ನು ಫೋನಿಗೆ ತರುವುದು ನಮ್ಮ ಕೆಲಸ. ಕೇಳಲು ಸುಲಭ, ಅಲ್ವಾ?

ನಾನು ಮೊದಲು ಮಾಡಿದ್ದನ್ನು ಹೇಳಲು ಈಗ ನಾಚಿಕೆಯಾಗುತ್ತದೆ. ಬೆಂಗಳೂರಿನಲ್ಲಿ ಕಲಿತಿದ್ದನ್ನೆಲ್ಲ ತಂದು ಸುರಿದೆ. ಕೂಲಿಗೆ ಒಂದು ಸರ್ವಿಸ್ (ಅಂದರೆ ತನ್ನಷ್ಟಕ್ಕೆ ಓಡುವ ಸಣ್ಣ ಪ್ರೋಗ್ರಾಮ್), ತೂಕಕ್ಕೆ ಒಂದು, ಲಾಗಿನ್‌ಗೆ ಒಂದು, ಎಸ್ಸೆಮ್ಮೆಸ್ ಕಳಿಸಲು ಇನ್ನೊಂದು. ಲಕ್ಷ ಜನ ಒಟ್ಟಿಗೆ ಬಂದರೂ ಅಲುಗಾಡಬಾರದು ಅಂತ ಕಟ್ಟಿದೆ. ಎರಡು ತಿಂಗಳು ಹೋಯಿತು. ಆಗ ನಮ್ಮ ಗ್ರಾಹಕರು ಒಟ್ಟು ಆರು ತೋಟ.

ನವೆಂಬರ್ ಬಂತು. ಸೋಮವಾರಪೇಟೆ ಕಡೆ ಅರೇಬಿಕಾ ಹಣ್ಣಾಯಿತು. ಒಂದು ತೋಟಕ್ಕೆ ನಾನೇ ಹೋದೆ. ಸಂಜೆ ನಾಲ್ಕೂವರೆ, ಕಣದ ಪಕ್ಕ ತಕ್ಕಡಿ, ಎದುರು ಮೂಟೆ ಹೊತ್ತವರ ಸಾಲು. ರೈಟರ್ ಅಣ್ಣನಿಗೆ ಅರವತ್ತರ ಹತ್ತಿರ ವಯಸ್ಸು. ಕನ್ನಡಕ ಮೂಗಿನ ತುದಿಗೆ ಇಳಿಸಿ ನಮ್ಮ ಆ್ಯಪ್ ತೆರೆದರು. ಮೊದಲ ಮೂರು ಮೂಟೆ ಸರಿಯಾಗಿ ಹೋಯಿತು. ನಾಲ್ಕನೆಯದಕ್ಕೆ ಗಂಡ ಹೆಂಡತಿ ಇಬ್ಬರೂ ಬಂದರು, ಮೂಟೆ ಒಂದೇ. ಆ್ಯಪ್ ಒಂದೇ ಹೆಸರು ಕೇಳಿತು. ಅಣ್ಣ ನನ್ನ ಮುಖ ನೋಡಿದರು, ಸ್ಕ್ರೀನ್ ನೋಡಿದರು. ಹಿಂದೆ ಸಾಲು ಬೆಳೆಯುತ್ತಿತ್ತು. ಫೋನನ್ನು ಮಗುಚಿ ತಕ್ಕಡಿಯ ಪಕ್ಕ ಇಟ್ಟು, ಜೇಬಿನಿಂದ ಸಣ್ಣ ಪುಸ್ತಕ ತೆಗೆದರು.

"ಇದು ಬೇಗ ಆಗ್ತದೆ ಮೇಡಂ."

ಬಗ್ಗಿ ನೋಡಿದೆ. ಗಂಡನ ಹೆಸರು, ಅದರ ಪಕ್ಕ +1. ಕೆಳಗೆ ಇನ್ನೊಂದು ಹೆಸರಿನ ಪಕ್ಕ +2. ಅಂದರೆ ಹೆಂಡತಿ, ಜೊತೆಗೆ ಅವಳ ತಂಗಿ. (ಹೆಂಡತಿಗೆ ಸ್ವಂತ ಹೆಸರಿಲ್ಲ, ಬರೀ ಪ್ಲಸ್ ಒಂದು. ಅದು ಬೇರೆಯದೇ ಜಗಳ, ಇನ್ನೊಂದು ದಿನ ಆಡುತ್ತೇನೆ.) ನಾನು ಅಷ್ಟು ಚೆನ್ನಾಗಿ ಕಟ್ಟಿದ ಡೇಟಾಬೇಸಿನಲ್ಲಿ ಆ +1ಕ್ಕೆ ಜಾಗವೇ ಇರಲಿಲ್ಲ. ಲಕ್ಷ ಜನಕ್ಕೆ ತಯಾರಾಗಿದ್ದ ಆ್ಯಪ್ ನಾಲ್ಕನೇ ಮೂಟೆಗೆ ಸೋತಿತು.

ಅವತ್ತು ರಾತ್ರಿ ಕೂತು 'ಗುಂಪು' ಅಂತ ಸೇರಿಸಿದೆ. ಮೂಟೆ ಒಂದು, ಹೆಸರು ಎಷ್ಟಾದರೂ. ಬೆಳಿಗ್ಗೆ ಆರಕ್ಕೆ ರೈಟರ್ ಅಣ್ಣನ ಫೋನಿನಲ್ಲಿ ಹೊಸ ಆ್ಯಪ್ ಇತ್ತು. ಹಳೇ ಕಂಪನಿಯಲ್ಲಿ ಇದಕ್ಕೆ ಮೂರು ತಿಂಗಳು ಬೇಕಿತ್ತು. ಇಲ್ಲಿ ನಾನು ಜಾಣೆಯಾದೆ ಅಂತಲ್ಲ, ಕೇಳಬೇಕಾದವರು ಯಾರೂ ಇರಲಿಲ್ಲ, ಅಷ್ಟೇ.

ಕೇಳುವವರಿಲ್ಲದ್ದರ ಇನ್ನೊಂದು ಮುಖ ಜನವರಿಯಲ್ಲಿ ಕಾಣಿಸಿತು. ರೊಬಸ್ಟಾ ಕೊಯ್ಲು, ತಿತಿಮತಿ ಹತ್ತಿರದ ತೋಟ, ಶನಿವಾರ ಬಟವಾಡೆ. ಮರುದಿನ ಗೋಣಿಕೊಪ್ಪದಲ್ಲಿ ಸಂತೆ, ಎಲ್ಲರಿಗೂ ಕೈಯಲ್ಲಿ ದುಡ್ಡು ಬೇಕು. ಮಧ್ಯಾಹ್ನ ಅಲ್ಲಿನ ರೈಟರ್ ಫೋನ್ ಮಾಡಿದರು. "ಮೇಡಂ, ಕೆಲವರದ್ದು ಡಬಲ್ ತೋರಿಸ್ತಾ ಉಂಟು. ಇಲ್ಲಿ ಜಗಳ ಶುರುವಾಗಿದೆ."

ನಲವತ್ತೆರಡು ಕೆಜಿ ಮೂಟೆ ಎಂಬತ್ತನಾಲ್ಕು ಆಗಿತ್ತು. ಎಲ್ಲರದ್ದೂ ಡಬಲ್ ಆಗಿದ್ದರೆ ಕೂಡಲೇ ಗೊತ್ತಾಗುತ್ತಿತ್ತು. ಕೆಲವರದ್ದು ಮಾತ್ರ ಆಗಿತ್ತು, ಜಗಳಕ್ಕೆ ಅದೇ ಕಾರಣ. ಆಗಿದ್ದು ಇಷ್ಟು: ತೋಟದೊಳಗೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಫೋನ್ ತೂಕ ಕಳಿಸಿತು, ಸರ್ವರ್ ಬರೆದುಕೊಂಡಿತು. 'ಸಿಕ್ಕಿತು' ಅನ್ನುವ ಉತ್ತರ ವಾಪಸ್ ಬರುವಷ್ಟರಲ್ಲಿ ಸಿಗ್ನಲ್ ಹೋಯಿತು. ಫೋನ್ ಪಾಪ, ಹೋಗಿಲ್ಲ ಅಂದುಕೊಂಡು ಮತ್ತೆ ಕಳಿಸಿತು. ಸರ್ವರ್ ಮತ್ತೆ ಬರೆದುಕೊಂಡಿತು. ಇದಕ್ಕೆ ಮದ್ದು ಎಲ್ಲ ಪ್ರೋಗ್ರಾಮರ್‌ಗಳಿಗೂ ಗೊತ್ತು. ಪ್ರತಿ ಎಂಟ್ರಿಗೂ ಫೋನಿನಲ್ಲೇ ಒಂದು ಗುರುತಿನ ನಂಬರ್ ಹಾಕಬೇಕು. ಅದೇ ನಂಬರ್ ಎರಡನೇ ಸಲ ಬಂದರೆ ಸರ್ವರ್ ಸುಮ್ನೆ 'ಸಿಕ್ಕಿತು' ಅನ್ನಬೇಕು. ಇಪ್ಪತ್ತು ಸಾಲಿನ ಕೋಡ್. ನನಗೂ ಗೊತ್ತಿತ್ತು. ಆಮೇಲೆ ಮಾಡೋಣ ಅಂತ ಬಿಟ್ಟಿದ್ದೆ. ದೊಡ್ಡ ಕಂಪನಿಯಾಗಿದ್ದರೆ ರಿವ್ಯೂನಲ್ಲಿ ಯಾರಾದರೂ ಒಬ್ಬರು ಹಿಡಿಯುತ್ತಿದ್ದರು. ಆ ಬೈಗುಳಗಳನ್ನೆಲ್ಲ ಅವತ್ತು ವಾಪಸ್ ತಗೊಂಡೆ.

ಕಂಪನಿ ಶುರು ಮಾಡಿದವರು ಜೀಪ್ ಹತ್ತಿ ತೋಟಕ್ಕೆ ಓಡಿದರು. ನಾನು ಆಫೀಸಿನಲ್ಲಿ ಕೂತು, ಫೋನಿನ ಆ ಕಡೆ ರೈಟರ್ ತಮ್ಮ ಜೇಬು ಪುಸ್ತಕ ಓದುತ್ತಿದ್ದಂತೆ ಒಂದೊಂದೇ ಸಾಲು ಸರಿ ಮಾಡಿದೆ. ಎರಡು ಗಂಟೆ ಹಿಡಿಯಿತು. ಆ ಪುಸ್ತಕ ಇರದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ.

ಅರ್ಧಂಬರ್ಧ ಕೋಡನ್ನು ಸಾಲಕ್ಕೆ ಹೋಲಿಸಿದವರು ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್, 1992ರಲ್ಲಿ. ಅವರು ಆಗ ಹಣಕಾಸಿನ ಸಾಫ್ಟ್‌ವೇರ್ ಮಾಡುತ್ತಿದ್ದರು. ಇವತ್ತು ಬೇಗ ಕೆಲಸ ಮುಗಿಸಲು ಸಾಲ ಮಾಡಬಹುದು, ತೀರಿಸದಿದ್ದರೆ ಬಡ್ಡಿ ಬೆಳೆಯುತ್ತದೆ. ಕೊಡಗಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬೆಳೆ ಸಾಲ ಮಾಡದ ಬೆಳೆಗಾರ ಎಲ್ಲಿದ್ದಾರೆ? ಗೊಬ್ಬರಕ್ಕೆ ಸಾಲ ಮಾಡುವುದಕ್ಕೂ ಕಾರಿಗೆ ಸಾಲ ಮಾಡುವುದಕ್ಕೂ ವ್ಯತ್ಯಾಸ ಇದೆ ಅಂತ ಅವರಿಗೆ ಗೊತ್ತು. ನನಗೆ ಗೊತ್ತಿರಲಿಲ್ಲ.

ಈಗ ನಮ್ಮಲ್ಲಿ ಪಾಸ್‌ವರ್ಡ್ ಮರೆತರೆ ಅದಕ್ಕೊಂದು ಪುಟವೇ ಇಲ್ಲ. ನನಗೆ ಫೋನ್ ಮಾಡುತ್ತಾರೆ, ನಾನು ಬದಲಾಯಿಸುತ್ತೇನೆ. ತಿಂಗಳ ವರದಿ ಕೇಳಿದರೆ ಎಕ್ಸೆಲ್‌ನಲ್ಲಿ ಕೈಯಾರೆ ಮಾಡಿ ವಾಟ್ಸ್ಯಾಪ್ ಮಾಡುತ್ತೇನೆ. ನಾಲ್ಕು ಸರ್ವಿಸ್‌ಗಳನ್ನು ಕಿತ್ತು ಒಂದೇ ಮಾಡಿದ್ದೇನೆ. ಇದೆಲ್ಲ ಸಾಲವೇ, ಇರಲಿ. ಆದರೆ ತೂಕ ಮತ್ತು ದುಡ್ಡಿನ ಕೋಡಿಗೆ ಟೆಸ್ಟ್ ಇಲ್ಲದೆ ಒಂದು ಸಾಲೂ ಒಳಗೆ ಹೋಗುವುದಿಲ್ಲ. ರೂಪಾಯಿಯನ್ನು ದಶಮಾಂಶದಲ್ಲಿ ಇಡುವುದನ್ನೂ ಬಿಟ್ಟೆವು, ಪೈಸೆ ಲೆಕ್ಕದಲ್ಲಿ ಪೂರ್ಣ ಸಂಖ್ಯೆಯಾಗಿ ಇಡುತ್ತೇವೆ. ಕಂಪ್ಯೂಟರಿಗೆ 0.1 ಮತ್ತು 0.2 ಕೂಡಿಸಲು ಹೇಳಿದರೆ ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.30000000000000004 ಅನ್ನುತ್ತದೆ. ಬಟವಾಡೆ ಸಾಲಿನಲ್ಲಿ ನಿಂತವರಿಗೆ ಅದರ ಕಾರಣ ವಿವರಿಸಲು ಹೋಗಬೇಡಿ.

ಎರಡು ವಾರಕ್ಕೊಂದು ಕಂತಿನಂತೆ ಕೆಲಸ ಮುಗಿಸುವ 'ಸ್ಪ್ರಿಂಟ್' ಪದ್ಧತಿ ಕೂಡ ನಮಗೆ ಹೊಂದಲಿಲ್ಲ. ಮೊದಲು ಅರೇಬಿಕಾ, ಹೊಸ ವರ್ಷ ಬಂದ ಮೇಲೆ ರೊಬಸ್ಟಾ, ಮಾರ್ಚ್ ಹೊತ್ತಿಗೆ ಎಲ್ಲ ಮುಗಿಯುತ್ತದೆ. ಆಮೇಲೆ ಗಿಡದಲ್ಲಿ ಹಣ್ಣಿಲ್ಲ, ಆ್ಯಪ್ ತೆರೆಯುವವರೂ ಇಲ್ಲ. ಕೊಯ್ಲಿನ ಆ ನಾಲ್ಕೈದು ತಿಂಗಳಲ್ಲಿ ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಸಿಗುವುದು ಮುಂದಿನ ನವೆಂಬರಿಗೆ. ಹಾಗಾಗಿ ಕೊಯ್ಲಿನ ಸಮಯದಲ್ಲಿ ನಮ್ಮಲ್ಲಿ ಒಬ್ಬರು ತಕ್ಕಡಿ ಪಕ್ಕ ಇರಲೇಬೇಕು ಅಂತ ಮಾಡಿಕೊಂಡಿದ್ದೇವೆ. ಮಳೆಗಾಲದಲ್ಲಿ ಕರೆಂಟ್ ಇದ್ದಾಗ ಕೋಡ್ ಒಪ್ಪ ಮಾಡುತ್ತೇವೆ, ಕರೆಂಟ್ ಇಲ್ಲದಾಗ ಪೇಪರ್ ಮೇಲೆ ಜಗಳ ಆಡುತ್ತೇವೆ.

ಮೊನ್ನೆ ಸೋಮವಾರಪೇಟೆಯ ಅದೇ ತೋಟಕ್ಕೆ ಹೋಗಿದ್ದೆ. ರೈಟರ್ ಅಣ್ಣನ ಜೇಬಿನಲ್ಲಿ ಪುಸ್ತಕ ಇನ್ನೂ ಇದೆ. ಕೇಳದೆಯೇ ತೆಗೆದು ತೋರಿಸಿದರು. ಹೆಸರು ಇತ್ತು, ತೂಕ ಇತ್ತು. ಮೊದಲು ಬಲಗಡೆ ಇರುತ್ತಿದ್ದ ಕೂಲಿಯ ಗುಣಾಕಾರ ಮಾತ್ರ ಇರಲಿಲ್ಲ.

"ಅದು ಫೋನೇ ಮಾಡ್ತದಲ್ಲ" ಅಂದರು. "ಇದು ಇರ್ಲಿ."

ಇರಲಿ ಅಂತ ನಾನೂ ಹೇಳಿದೆ.