ಮೇಫೇರಿನ ಸಭಾಂಗಣದಲ್ಲಿ ಪ್ರಶ್ನೆಯ ಸರದಿ

ಲಂಡನ್ನಿಗೆ ಬಂದ ಮೊದಲ ಚಳಿಗಾಲದಲ್ಲಿ, ಸಂಜೆ ನಾಲ್ಕಕ್ಕೇ ಕವಿಯುವ ಕತ್ತಲೆಗೆ ಹೆದರಿ ಕೆಲಸ ಮುಗಿಸಿದವನೇ ನೇರವಾಗಿ ಮನೆ ಸೇರುತ್ತಿದ್ದ ನನ್ನನ್ನು, ಧಾರವಾಡದ ಕಡೆಯ ಹಿರಿಯರೊಬ್ಬರು ಒತ್ತಾಯ ಮಾಡಿ ನೆಹರೂ ಸೆಂಟರಿಗೆ ಕರೆದುಕೊಂಡು ಹೋದರು. ಮೇಫೇರ್ ಎಂಬ ಬಡಾವಣೆಯ ಹೆಸರು ಕೇಳಿದರೇ ಕೈ ತಾನಾಗಿ ಜೇಬಿನ ಕಡೆಗೆ ಹೋಗುತ್ತದೆ. ಆದರೆ ಸೌತ್ ಆಡ್ಲಿ ಸ್ಟ್ರೀಟಿನ 8ನೇ ನಂಬರಿನ ಆ ಹಳೆಯ ಕಟ್ಟಡದೊಳಗೆ ಕುಳಿತು ಒಂದು ಉಪನ್ಯಾಸ ಕೇಳಲು ಸಾಮಾನ್ಯವಾಗಿ ಒಂದು ಪೆನ್ನಿಯನ್ನೂ ಕೊಡಬೇಕಾಗಿಲ್ಲ. ಭಾರತೀಯ ಹೈಕಮಿಷನ್ನಿನ ಸಾಂಸ್ಕೃತಿಕ ವಿಭಾಗವಾಗಿ 1992ರಲ್ಲಿ ಆರಂಭವಾದ ಈ ಕೇಂದ್ರದಲ್ಲಿ ನೃತ್ಯ, ಸಂಗೀತ, ಚಿತ್ರಪ್ರದರ್ಶನಗಳೆಲ್ಲ ನಡೆಯುತ್ತವೆ. ನಾನು ಮಾತ್ರ ಮೊದಲಿನಿಂದಲೂ ಮಾತಿನ ಸಂಜೆಗಳಿಗೇ ಹೋಗುತ್ತ ಬಂದವನು.

ನಮ್ಮ ಊರಿನ ಸಭೆಗಳಲ್ಲಿ ಬೆಳೆದವನಿಗೆ ಇಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು, ಏನೇನು ಇಲ್ಲ ಎಂಬುದು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅತಿಥಿಗಳ ಪರಿಚಯ, ಶಾಲು, ಹಾರ, ಫಲತಾಂಬೂಲ, ಕೊನೆಗೆ ಅಧ್ಯಕ್ಷರ ಭಾಷಣ, ಅದರ ಕೊನೆಗೆ ವಂದನಾರ್ಪಣೆ ಇವೆಲ್ಲ ಮುಗಿಯುವಷ್ಟರಲ್ಲಿ, ವಿಷಯ ತಿಳಿದು ಬಂದ ಉಪನ್ಯಾಸಕರಿಗೆ ಇಪ್ಪತ್ತು ನಿಮಿಷ ದಕ್ಕಿದರೆ ಅವರ ಪುಣ್ಯ. ಸಂವಾದಕ್ಕೆ ಸಮಯದ ಅಭಾವವಿದೆ ಎಂದು ನಿರೂಪಕರು ವಿನಯದಿಂದ ಘೋಷಿಸುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇಲ್ಲಿ ಪರಿಚಯ ಎರಡು ನಿಮಿಷದಲ್ಲಿ ಮುಗಿದು, ಉಪನ್ಯಾಸ ನಲವತ್ತು ನಿಮಿಷ ನಡೆದು, ಉಳಿದ ಅರ್ಧ ಗಂಟೆಯೂ ಸಭಿಕರದ್ದಾಗಿತ್ತು. ಆ ಅರ್ಧ ಗಂಟೆಯನ್ನು ಹೇಗೆ ಬಳಸಿಕೊಳ್ಳಬೇಕೆಂಬುದು ನನಗೆ ತಿಳಿದಿರಲಿಲ್ಲ.

ತಿಳಿದಿರಲಿಲ್ಲ ಎಂಬುದು ಎರಡನೆಯ ಭೇಟಿಯಲ್ಲೇ ಎಲ್ಲರೆದುರು ಸಾಬೀತಾಯಿತು. ದಕ್ಷಿಣ ಭಾರತದ ಕೆರೆ ನೀರಾವರಿಯ ಬಗೆಗಿನ ಉಪನ್ಯಾಸ ಮುಗಿದ ಮೇಲೆ ಮೈಕ್ ಹಿಡಿದು ಎದ್ದು ನಿಂತ ನಾನು, ಉಪನ್ಯಾಸಕರನ್ನು ಅಭಿನಂದಿಸಿ, ನಮ್ಮ ಊರಿನ ಕೆರೆಯ ಕಥೆಯಿಂದ ಪ್ರಾರಂಭಿಸಿ, ಅದರ ತೂಬು, ಕೋಡಿ, ಹೂಳು, ಊರವರ ಜಗಳ ಎಲ್ಲವನ್ನೂ ವಿವರಿಸುತ್ತ ಹೋದಾಗ, ಸಭೆ ನಡೆಸುತ್ತಿದ್ದ ಮಹಿಳೆ ಅತ್ಯಂತ ಸೌಜನ್ಯದಿಂದ, ನಿಮ್ಮ ಪ್ರಶ್ನೆ ಏನು ಎಂದು ಕೇಳಿದರು. ನನ್ನಲ್ಲಿ ಪ್ರಶ್ನೆ ಇರಲಿಲ್ಲ. ನನಗೂ ಕೆರೆಯ ವಿಷಯ ಗೊತ್ತು ಎಂದು ಸಭೆಗೆ ತಿಳಿಸುವ ಆಸೆ ಮಾತ್ರ ಇತ್ತು. ಕೂತ ಮೇಲೆ ಕಿವಿ ಬಿಸಿಯಾಗಿದ್ದವು; ಪಕ್ಕದಲ್ಲಿದ್ದ ಹಿರಿಯರು ನೆಲ ನೋಡುತ್ತಿದ್ದರು. ಆಮೇಲೆ ಗಮನಿಸುತ್ತ ಹೋದಂತೆ ಇದು ನನ್ನೊಬ್ಬನ ರೋಗವಲ್ಲ, ಪ್ರಾಂತಭೇದವಿಲ್ಲದೆ ನಮ್ಮ ಜನರೆಲ್ಲರಿಗೂ ಇರುವುದೆಂದು ತಿಳಿದು ಕೊಂಚ ಸಮಾಧಾನವಾಯಿತು.

ಈ ನಗರದಲ್ಲಿ ಭಾರತದ ಬಗ್ಗೆ ಸಭೆ ಸೇರಿ ಮಾತನಾಡುವ ರೂಢಿ ನೂರೈವತ್ತು ವರ್ಷಗಳಿಗೂ ಹಳೆಯದು. ದಾದಾಭಾಯಿ ನವರೋಜಿಯವರು 1866ರಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಷನ್ ಕಟ್ಟಲು ಮುಂದಾದದ್ದೇ ಭಾರತದ ಸಂಗತಿಗಳನ್ನು ಇಂಗ್ಲಿಷರ ಎದುರು ಇಟ್ಟು ಚರ್ಚಿಸಲಿಕ್ಕೆ, ಮತ್ತು ಮರುವರ್ಷ ಅದೇ ವೇದಿಕೆಯಲ್ಲಿ ಅವರು ಓದಿದ ಪ್ರಬಂಧದಲ್ಲಿಯೇ ಭಾರತದ ಸಂಪತ್ತು ಇಂಗ್ಲೆಂಡಿಗೆ ಸೋರಿ ಹೋಗುತ್ತಿದೆಯೆಂಬ ವಾದ ರೂಪು ಪಡೆಯತೊಡಗಿತು. ಎದುರು ಕುಳಿತಿದ್ದವರಲ್ಲಿ ಭಾರತದಲ್ಲಿ ಅಧಿಕಾರ ನಡೆಸಿ ನಿವೃತ್ತರಾಗಿ ಬಂದವರೂ ಇರುತ್ತಿದ್ದರು ಎಂಬುದನ್ನು ನೆನೆದರೆ, ಅಂಕಿಅಂಶ ಹಿಡಿದುಕೊಂಡು ಅಲ್ಲಿ ಮಾತನಾಡಲು ಎಂಥ ಗುಂಡಿಗೆ ಬೇಕಿತ್ತೆಂದು ಊಹಿಸಬಹುದು. ಅದೇ ಸಂಘವೂ ಇನ್ನೊಂದು ಸಂಸ್ಥೆಯೂ ಸೇರಿ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಏರ್ಪಡಿಸಿದ್ದ ಸಭೆ ಮುಗಿಯುವ ಹೊತ್ತಿಗೆ, 1940ರ ಮಾರ್ಚ್ 13ರಂದು, ಉಧಮ್ ಸಿಂಗ್ ಅವರು, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಕಾಲಕ್ಕೆ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಮೈಕಲ್ ಓಡ್ವಾಯರ್‌ಗೆ ಗುಂಡಿಕ್ಕಿದರು. ಮಾತಿನ ಸಭೆಗಳ ಚರಿತ್ರೆಯಲ್ಲಿ ಅದೂ ಒಂದು ಪುಟ.

ಕನ್ನಡಿಗರಿಗೆ ಈ ಚರಿತ್ರೆಯಲ್ಲಿ ಸಣ್ಣದಲ್ಲದ ಪಾಲಿದೆ. ನೆಹರೂ ಸೆಂಟರಿನ ನಿರ್ದೇಶಕರ ಕುರ್ಚಿಯಲ್ಲಿ 2000ದಿಂದ 2003ರವರೆಗೆ ಗಿರೀಶ ಕಾರ್ನಾಡರು ಕುಳಿತಿದ್ದರು. ವಿದ್ಯಾರ್ಥಿಯಾಗಿದ್ದಾಗ ಆಕ್ಸ್‌ಫರ್ಡ್ ಯೂನಿಯನ್ ಎಂಬ ಚರ್ಚಾಕೂಟಕ್ಕೇ ಅಧ್ಯಕ್ಷರಾಗಿದ್ದ ಅವರಿಗೆ ಈ ಊರಿನ ವಾಗ್ವಾದದ ಪದ್ಧತಿಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇನ್ನು ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ, ಒಂದು ಕಾಲದಲ್ಲಿ ಚರ್ಚ್ ಆಗಿದ್ದ ಕಟ್ಟಡದಲ್ಲಿರುವ ಭಾರತೀಯ ವಿದ್ಯಾ ಭವನವನ್ನು ಬಹುಕಾಲ ಬೆಳೆಸಿದವರು ತುಂಗೆಯ ದಡದ ಮತ್ತೂರಿನಿಂದ ಬಂದ ಕೃಷ್ಣಮೂರ್ತಿಯವರು. ಮಹಾಭಾರತದ ಗಮಕಕ್ಕೆ ಅವರು ಮಾಡುತ್ತಿದ್ದ ವ್ಯಾಖ್ಯಾನವನ್ನು ಊರಿನಲ್ಲಿ ಕೇಳಿ ಬೆಳೆದವರು ಈ ಪುಟ ಓದುವವರಲ್ಲಿ ಅನೇಕರಿರಬಹುದು. ಅವರ ನಂತರ ಭವನದ ಹೊಣೆ ಹೊತ್ತ ನಂದಕುಮಾರ ಅವರೂ ಮತ್ತೂರಿನವರೇ. ಭವನದಲ್ಲಿ ಪಾಠಗಳು ಮುಖ್ಯ, ಮಕ್ಕಳ ಗೆಜ್ಜೆಯ ಸದ್ದು ಮೆಟ್ಟಿಲವರೆಗೂ ಕೇಳುತ್ತದೆ. ಮೇಫೇರಿನ ಗಾಂಭೀರ್ಯ ಅಲ್ಲಿಲ್ಲ, ಇರಬೇಕಾದ ಅಗತ್ಯವೂ ಇಲ್ಲ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ವಚನಗಳ ಬಗ್ಗೆ ನಡೆದ ಒಂದು ಸಂಜೆ. ಸಭೆಯಲ್ಲಿದ್ದ ಕನ್ನಡಿಗರು ಹತ್ತು ಹನ್ನೆರಡು ಜನರಿದ್ದಿರಬಹುದು, ಉಳಿದವರು ಬೇರೆ ಬೇರೆ ಪ್ರಾಂತದ ಭಾರತೀಯರು ಮತ್ತು ಇಂಗ್ಲಿಷರು. ಉಪನ್ಯಾಸಕರು ಒಂದೊಂದು ವಚನವನ್ನು ಕನ್ನಡದಲ್ಲಿ ಓದಿ ಇಂಗ್ಲಿಷಿನಲ್ಲಿ ವಿವರಿಸುವಾಗ ನಾವು ಕನ್ನಡಿಗರು ಮುಂದಿನ ಸಾಲನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ, ಈ ಸಭೆಯಲ್ಲಿ ಇವತ್ತು ನಾವೇ ಮನೆಯವರು ಎಂಬ ಹೆಮ್ಮೆಯಲ್ಲಿ ಕುಳಿತಿದ್ದೆವು. ಆಗ ಹಿಂದಿನ ಸಾಲಿನಿಂದ ವಯಸ್ಸಾದ ಇಂಗ್ಲಿಷ್ ಮಹಿಳೆಯೊಬ್ಬರು, ಇವು ಹನ್ನೆರಡನೆಯ ಶತಮಾನದ ಮಾತುಗಳೆನ್ನುತ್ತೀರಿ, ಇವನ್ನು ಬರೆದಿಟ್ಟವರು ಯಾರು, ಯಾವಾಗ ಎಂದು ಕೇಳಿದರು. ಅಷ್ಟೇ ಪ್ರಶ್ನೆ. ನಾವೆಲ್ಲ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ, ಪರೀಕ್ಷೆಯಲ್ಲಿ ಸಂದರ್ಭ ಸಹಿತ ವಿವರಿಸಿ ಅಂಕ ಗಳಿಸಿದವರಿಗೆ, ಮದುವೆಯ ಕರೆಯೋಲೆಯ ಮೇಲೂ ಅಚ್ಚು ಹಾಕಿಸಿಕೊಂಡವರಿಗೆ ಈ ಪ್ರಶ್ನೆ ಎಂದೂ ಹೊಳೆದಿರಲಿಲ್ಲ.

ಉಪನ್ಯಾಸಕರು ಅದಕ್ಕೆ ಕೊಟ್ಟ ಉತ್ತರ ಉಪನ್ಯಾಸಕ್ಕಿಂತ ಚೆನ್ನಾಗಿತ್ತು. ವಿಜಯನಗರದ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ವಚನಗಳ ಸಂಕಲನ ದೊಡ್ಡ ಪ್ರಮಾಣದಲ್ಲಿ ನಡೆದುದನ್ನೂ, ಆಗ ರೂಪುಗೊಂಡ ಶೂನ್ಯಸಂಪಾದನೆಯು ಶರಣರು ಪರಸ್ಪರ ಎದುರಾಗಿ ಪ್ರಶ್ನಿಸುವ, ಉತ್ತರಿಸುವ, ಕೆಲವೊಮ್ಮೆ ಕೆಣಕುವ ಸಂಭಾಷಣೆಯ ರೂಪದಲ್ಲಿಯೇ ವಚನಗಳನ್ನು ಹೆಣೆದುದನ್ನೂ ಅವರು ಹೇಳಿದರು. ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದ ಕಥೆಯೂ ಬಂತು. ಆ ಮಹಿಳೆ ಬಿಡಲಿಲ್ಲ: ಹಾಗಾದರೆ ಅಲ್ಲಮನಿಗೂ ಅಕ್ಕನಿಗೂ ನಡೆದ ಮಾತುಕತೆ ಹಾಗೆಯೇ ನಡೆದದ್ದೋ, ಅಥವಾ ನೂರಾರು ವರ್ಷಗಳ ನಂತರ ಸಂಕಲನಕಾರರು ಜೋಡಿಸಿದ್ದೋ ಎಂದು ಕೇಳಿದರು. ನಮ್ಮಲ್ಲೊಬ್ಬರು ಸಿಡುಕಿದರು, ನಂಬಿಕೆಯ ವಿಷಯವನ್ನು ಹೀಗೆ ಕೆದಕಬಾರದೆಂದರು. ಇನ್ನೊಬ್ಬರು, ಅಲ್ಲಮನೇ ಎಲ್ಲರನ್ನೂ ಕೆದಕಿದವನಲ್ಲವೇ ಎಂದರು. ಕನ್ನಡಿಗರ ನಡುವೆಯೇ ಹತ್ತಿಕೊಂಡ ಆ ಚರ್ಚೆ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ ನಡೆಯಿತು, ಮತ್ತು ಪ್ರಶ್ನೆ ಕೇಳಿದಾಕೆ ಕೈಕಟ್ಟಿ ಕುಳಿತು ಕೌತುಕದಿಂದ ನೋಡುತ್ತಿದ್ದರು. ಬ್ರಿಟನ್ನಿನ ಸಂಸತ್ ಭವನಕ್ಕೆ ನದಿಯ ಆಚೆ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವಣ್ಣನವರ ಪುತ್ಥಳಿಯ ಎದುರು ನಿಂತು ಫೋಟೋ ತೆಗೆಸಿಕೊಂಡದ್ದಕ್ಕಿಂತ, ಅನುಭವ ಮಂಟಪ ಎಂಬ ಮಾತಿಗೆ ಅರ್ಥವಿರಬಹುದೆಂದು ನನಗೆ ಅನ್ನಿಸಿದ್ದು ಆ ಅರ್ಧ ಗಂಟೆಯಲ್ಲಿ.

ಎಲ್ಲ ಸಂಜೆಗಳೂ ಹೀಗಿರುವುದಿಲ್ಲ. ಪುಸ್ತಕ ಬಿಡುಗಡೆಯ ಸಂಜೆಗಳು ಬಹುಪಾಲು ಪರಸ್ಪರ ಹೊಗಳಿಕೆಯಲ್ಲಿ ಕಳೆದುಹೋಗುತ್ತವೆ. ಇನ್ನೂ ಒಂದು ಸಂಗತಿಯಿದೆ: ಸರ್ಕಾರದ ಸೂರಿನಡಿ ಕುಳಿತಾಗ ಯಾರೂ ಬಾಯಿ ಮುಚ್ಚಿಸದಿದ್ದರೂ ಸಭಿಕರೇ ತಮ್ಮ ಪ್ರಶ್ನೆಗಳ ಮೊನೆಯನ್ನು ಸ್ವಲ್ಪ ಮೊಂಡಾಗಿಸಿಕೊಳ್ಳುತ್ತಾರೆ. ನೆಂಟರ ಮನೆಯಲ್ಲಿ ಉಂಡು ಸಾರಿಗೆ ಉಪ್ಪು ಕಡಿಮೆ ಎನ್ನಲಾಗದ ದಾಕ್ಷಿಣ್ಯದಂತೆ ಅದು. ಆ ಪ್ರಶ್ನೆಗಳೆಲ್ಲ ಸಭೆ ಮುಗಿದ ಮೇಲೆ ಹೊರಗಿನ ಕಾಲುದಾರಿಯಲ್ಲಿ, ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತವರ ಬಾಯಲ್ಲಿ ಬರುತ್ತವೆ. ಅಲ್ಲಿ ಸಮಯದ ಅಭಾವವೆಂದು ಘೋಷಿಸುವವರಿಲ್ಲ. ಗ್ರೀನ್ ಪಾರ್ಕ್ ನಿಲ್ದಾಣದವರೆಗಿನ ಹದಿನೈದು ನಿಮಿಷದ ನಡಿಗೆಯಲ್ಲಿ ನಾನು ಕೇಳಿಸಿಕೊಂಡ ವಾದಗಳನ್ನು ಒಳಗೆ ಆಡಿದ್ದರೆ ಎಷ್ಟೋ ಉಪನ್ಯಾಸಗಳಿಗೆ ಕಳೆ ಬರುತ್ತಿತ್ತು. ವಿಷಾದವೆಂದರೆ ಸಭಿಕರ ತಲೆಗಳಲ್ಲಿ ಕಪ್ಪು ಕೂದಲು ಕಡಿಮೆ; ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ನೃತ್ಯಕ್ಕೆ ಬರುತ್ತಾರೆ, ಮಾತಿಗೆ ಬರುವುದು ಅಪರೂಪ.

ನನ್ನನ್ನು ಮೊದಲು ಕರೆದುಕೊಂಡು ಹೋದ ಹಿರಿಯರಿಗೆ ಈಗ ಮಂಡಿ ನೋವಾದ್ದರಿಂದ ಟ್ಯೂಬ್ ನಿಲ್ದಾಣದ ಮೆಟ್ಟಿಲು ಹತ್ತಲಾಗುವುದಿಲ್ಲ. ಆದರೆ ಪ್ರತಿ ಸಭೆಯ ಮರುದಿನ ಅವರ ಫೋನ್ ತಪ್ಪದೆ ಬರುತ್ತದೆ. ಉಪನ್ಯಾಸ ಹೇಗಿತ್ತೆಂದು ಅವರು ವಿಚಾರಿಸುವುದಿಲ್ಲ. "ಯಾರು ಏನ್ ಕೇಳಿದ್ರು ಹೇಳ್ರಿ" ಎನ್ನುತ್ತಾರೆ. ಕಳೆದ ವಾರ ನಾನೂ ಒಂದು ಪ್ರಶ್ನೆ ಕೇಳಿದೆನೆಂದು ತಿಳಿಸಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, "ಕೆರಿ ವಿಷಯ ತೆಗದಿಲ್ಲ ಹೌದಲ್ರಿ?" ಎಂದು ಕೇಳಿದರು.