ಕಂಬೈನ್‌ನ ಹಿಂದೆ ಹೋಗಿ ನೋಡಿ

ಪೈರು ಕೊಯ್ದು ಕಾಳು ಬಿಡಿಸುವ ಕಂಬೈನ್ ಹಾರ್ವೆಸ್ಟರ್ ಯಂತ್ರದ ರಿಪೇರಿ, ಸೆಟ್ಟಿಂಗ್ ನನ್ನ ಕೆಲಸ. ಯಂತ್ರ ಬಂದರೆ ಧಾನ್ಯ ಜಾಸ್ತಿಯಾಗುತ್ತದೆ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಕೊಯ್ಲಿನ ಯಂತ್ರ ಹೊಸದಾಗಿ ಒಂದು ಕಾಳನ್ನೂ ಬೆಳೆಯುವುದಿಲ್ಲ. ಬೆಳೆದದ್ದನ್ನು ಉಳಿಸುತ್ತದೆ, ಇಲ್ಲವೇ ಚೆಲ್ಲುತ್ತದೆ.

ಉಳಿಯುವುದು ಸಮಯದಿಂದ. ಒಂದು ಭಾಗದ ಗೋಧಿಯೋ ಭತ್ತವೋ ಹೆಚ್ಚುಕಡಿಮೆ ಒಟ್ಟಿಗೇ ಹಣ್ಣಾಗುತ್ತದೆ. ಕೊಯ್ಲು ತಡವಾದರೆ ಕಾಳು ಉದುರುತ್ತದೆ, ಪೈರು ಮಲಗುತ್ತದೆ, ಮಳೆ ಬಂದರೆ ತೆನೆಯಲ್ಲೇ ಮೊಳಕೆ. ಹೊಲ ಬೇಗ ಖಾಲಿಯಾದರೆ ಮುಂದಿನ ಬಿತ್ತನೆಗೆ ಹದ ಸಿಗುತ್ತದೆ. ಎರಡನೇ ಬೆಳೆ ಆಗುವ ಕಡೆ ಒಟ್ಟು ಧಾನ್ಯ ಏರುವುದು ಇದರಿಂದಲೇ.

ಚೆಲ್ಲುವುದು ಆತುರದಿಂದ. ಎಕರೆ ಲೆಕ್ಕದ ಬಾಡಿಗೆ, ಡ್ರೈವರ್ ಜೋರಾಗಿ ಓಡಿಸದೆ ಇರುತ್ತಾನಾ? ಒಳಗೆ ಹುಲ್ಲು ದಪ್ಪಗೆ ತುಂಬಿಕೊಳ್ಳುತ್ತದೆ. ಬಿಡಿಸಿದ ಕಾಳಿಗೆ ಕೆಳಗಿಳಿಯಲು ದಾರಿಯಿಲ್ಲದೆ ಹುಲ್ಲಿನ ಜೊತೆಗೇ ಆಚೆ ಹೋಗುತ್ತದೆ. ತೆನೆ ಬಡಿದು ಕಾಳು ಬಿಡಿಸುವ ಡ್ರಮ್ ಜೋರಾಗಿ ತಿರುಗಿದರೆ ಕಾಳು ಒಡೆಯುತ್ತದೆ, ನಿಧಾನವಾದರೆ ತೆನೆಯಲ್ಲೇ ಉಳಿಯುತ್ತದೆ. ಹೊಟ್ಟು ತೂರುವ ಫ್ಯಾನ್ ಗಾಳಿ ಜಾಸ್ತಿಯಿಟ್ಟರೆ ಯಂತ್ರದ ಟ್ಯಾಂಕಿನಲ್ಲಿ ತುಂಬುವ ಕಾಳು ಥಳಥಳ ಅನ್ನುತ್ತದೆ, ಆದರೆ ಒಳ್ಳೇ ಕಾಳೂ ಹೊಟ್ಟಿನ ಜೊತೆ ಹಾರಿಹೋಗಿರುತ್ತದೆ. ಟ್ಯಾಂಕ್ ನೋಡಿ ಖುಷಿಪಡುವವರೇ ಹೆಚ್ಚು.

ನಾನು ಯಂತ್ರ ಕೊಯ್ದು ಹೋದ ಜಾಗದಲ್ಲಿ ಒಂದು ಮೀಟರ್ ಉದ್ದಗಲದ ಚೌಕಟ್ಟನ್ನು ನೆಲಕ್ಕಿಟ್ಟು, ಹುಲ್ಲು ಸರಿಸಿ, ಕಾಳು ಎಣಿಸುತ್ತೇನೆ. ಗೋಧಿಯ ಸಾವಿರ ಕಾಳು ಸುಮಾರು 40 ಗ್ರಾಂ ತೂಗುತ್ತದೆ. ಚದರ ಮೀಟರಿಗೆ 100 ಕಾಳು ಬಿದ್ದಿದ್ದರೆ ಹೆಕ್ಟೇರಿಗೆ 40 ಕೆಜಿ ಮಣ್ಣುಪಾಲು. ಬರೀ ಹುಲ್ಲು ಬಿದ್ದ ಸಾಲಿನಲ್ಲಿ ಎಣಿಸಿದರೆ ಲೆಕ್ಕ ವಿಪರೀತ ಬರುತ್ತದೆ. ಯಂತ್ರ ಕೊಯ್ದ ಪೂರ್ತಿ ಅಗಲಕ್ಕೆ ಎಣಿಸಿ ಸರಾಸರಿ ತೆಗೆಯಬೇಕು. ಇನ್ನೂ ಕೊಯ್ಯದ ಜಾಗದಲ್ಲಿ ತಾನಾಗಿ ಉದುರಿದ್ದನ್ನು ಅದರಿಂದ ಕಳೆಯಬೇಕು. ಒಬ್ಬ ರೈತನಿಗೆ 40 ಕೆಜಿ ದೊಡ್ಡದಾಗಿ ಕಾಣಲಿಕ್ಕಿಲ್ಲ. ಅದೇ ಯಂತ್ರ ಅದೇ ಸೆಟ್ಟಿಂಗ್‌ನಲ್ಲಿ 100 ಹೆಕ್ಟೇರ್ ಕೊಯ್ದರೆ 4 ಟನ್. ಆ ಭಾಗದಲ್ಲಿ ಓಡುವ ಎಲ್ಲ ಯಂತ್ರಗಳನ್ನೂ ಸೇರಿಸಿ ನೋಡಿ.

ತುಂಬಿದ ಟ್ಯಾಂಕಿನ ಭಾರ ಒದ್ದೆ ನೆಲವನ್ನು ಆಳದವರೆಗೆ ಗಟ್ಟಿ ಮಾಡುತ್ತದೆ. ಮುಂದಿನ ಬೆಳೆಯ ಬೇರು ಅಲ್ಲೇ ನಿಂತುಬಿಡುತ್ತದೆ. ಇದನ್ನು ಸೆಟ್ಟಿಂಗ್‌ನಲ್ಲಿ ಸರಿಮಾಡಲು ಆಗುವುದಿಲ್ಲ, ನೆಲ ಆರುವ ತನಕ ಕಾಯಬೇಕು ಅಷ್ಟೇ.

ಒಣಗಿಸುವ ಚಿಂತೆ ಬೇರೆ. ಕಂಬೈನ್‌ನಲ್ಲಿ ಭತ್ತ ಕೊಯ್ಯುವಾಗ ತೇವಾಂಶ ಸಾಮಾನ್ಯವಾಗಿ ಶೇ. 20ರಿಂದ 25 ಇರುತ್ತದೆ. ದಾಸ್ತಾನಿಗೆ ಅದು 14ರ ಆಸುಪಾಸಿಗೆ ಇಳಿಯಬೇಕು. ಕೈಯಲ್ಲಿ ಕೊಯ್ದಾಗ ಕಟ್ಟು ಹೊಲದಲ್ಲೇ ಒಂದಿಷ್ಟು ಆರುತ್ತಿತ್ತು. ಈಗ ಹಸಿ ಕಾಳೆಲ್ಲ ಒಟ್ಟಿಗೇ ಬಂದು ಬೀಳುತ್ತದೆ, ರಾಶಿ ಬಿಸಿಯಾಗಿ ಮುಗ್ಗುತ್ತದೆ. ಇನ್ನೊಂದು ಯಂತ್ರ ತರೋಣವೇ ಎಂದು ಕೇಳಲು ಬಂದವರಿಗೆ ನಾನು ಮೊದಲು ಕೇಳುವುದು, ಒಣಗಿಸಲು ಜಾಗ ಎಷ್ಟಿದೆ ಅಂತ.